‘ಉಳಿದ ಕಲಾವಿದರಿಗೂ’ ನಾಲ್ಕು ಸಾಲು ಕೊಡಿ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಪತ್ರಿಕೆಗಳ ಚಿತ್ರವಿಮರ್ಶೆಗಳಲ್ಲಿ ಬಹುಕಾಲದಿಂದ ಬದಲಾಗದೆ ನಡೆದುಬಂದಿರುವ ವಾಕ್ಯವೊಂದಿದೆ: ‘ಉಳಿದ ಕಲಾವಿದರು ತಮ್ಮ ಪಾತ್ರಗಳಿಗೆ ನ್ಯಾಯ ಒದಗಿಸಿದ್ದಾರೆ.’ ನಾಯಕನಿಗೆ ಎರಡು ಪ್ಯಾರಾ, ನಾಯಕಿಗೆ ಎರಡು ಸಾಲು, ಸಂಗೀತಕ್ಕೂ ಛಾಯಾಗ್ರಹಣಕ್ಕೂ ಒಂದೊಂದು ವಿಶೇಷಣ ಸಂದಾಯವಾದ ಮೇಲೆ ಬರುವ ಈ ವಾಕ್ಯದೊಳಗೆ ಹತ್ತು ಹನ್ನೆರಡು ಜನರ ದುಡಿಮೆ ಹೂತುಹೋಗುತ್ತದೆ. ಈಚಿನ ವರ್ಷಗಳಲ್ಲಿ ನಾನು ನೋಡಿ ಮೆಚ್ಚಿದ ಕನ್ನಡ ಚಿತ್ರಗಳನ್ನು ನೆನೆದಾಗಲೆಲ್ಲ ಕಣ್ಣ ಮುಂದೆ ಬರುವವರು ಈ ‘ಉಳಿದವರೇ’ ಆಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

2025ರ ಜುಲೈನಲ್ಲಿ ತೆರೆಕಂಡ ‘ಸು ಫ್ರಮ್ ಸೋ’ ಚಿತ್ರವನ್ನೇ ನೋಡಿ. ಕರಾವಳಿಯ ಹಳ್ಳಿಯೊಂದರ ಅಶೋಕನೆಂಬ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಎಂಬವಳ ಪ್ರೇತ ಬಂದಿದೆಯೆಂಬ ಸುದ್ದಿ ಹಬ್ಬುವುದು ಅದರ ಕಥೆಯ ಎಳೆ. ಚಿತ್ರವನ್ನು ಬರೆದು ನಿರ್ದೇಶಿಸಿದ ಜೆ.ಪಿ. ತುಮಿನಾಡು ಅವರೇ ಅಶೋಕನಾಗಿದ್ದಾರೆ. ನಿರ್ಮಾಪಕರಲ್ಲಿ ಒಬ್ಬರಾದ ರಾಜ್ ಬಿ. ಶೆಟ್ಟಿ ಕರುಣಾಕರ ಗುರೂಜಿಯಾಗಿ ಬಂದು ನಗಿಸುತ್ತಾರೆ. ಆದರೆ ನಾನು ನೋಡಿದ ಪ್ರದರ್ಶನದಲ್ಲಿ ಸಿಳ್ಳೆ ಬಿದ್ದದ್ದು ಶನೀಲ್ ಗೌತಮ್ ಅವರ ರವಿಯಣ್ಣನಿಗೆ, ಪುಷ್ಪರಾಜ್ ಬೋಳಾರ್ ಅವರ ಭಾವನಿಗೆ. ಪ್ರಕಾಶ್ ತುಮಿನಾಡು, ದೀಪಕ್ ರೈ ಪಾಣಾಜೆ, ಮೈಮ್ ರಾಮದಾಸ್ ಇವರೆಲ್ಲ ಒಟ್ಟಿಗೆ ಇರುವ ದೃಶ್ಯಗಳಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರ ಮಾತು ಹೊರಟು, ಮೂರನೆಯವರು ಏನೂ ಆಡದೆ ಬರೀ ಮುಖದಿಂದ ಅದಕ್ಕೆ ಕೊನೆ ಹಾಡುವ ಲಯವನ್ನು ಗಮನಿಸಿದವರಿಗೆ ತುಳು ನಾಟಕದ ಪರಿಚಯವಿದ್ದರೆ ಅದು ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ. ಇಂಥ ಲಯವನ್ನು ಸಂಕಲನದ ಮೇಜಿನ ಮೇಲೆ ಕೂತು ಹುಟ್ಟಿಸಲಾಗದು.

ಅದೇ ಚಿತ್ರದಲ್ಲಿ ಸುಲೋಚನಳ ಮಗಳು ಭಾನುವಾಗಿ ಸಂಧ್ಯಾ ಅರಕೆರೆ ಬರುವ ಹೊತ್ತಿಗೆ ಪ್ರೇಕ್ಷಕರು ಪ್ರತಿ ಮಾತಿಗೂ ನಗಲು ಸಿದ್ಧರಾಗಿ ಕೂತಿರುತ್ತಾರೆ. ಅಂಥ ಸಭೆಯೆದುರು ಒಂದು ದುಃಖವನ್ನು ತಂದಿಡುವುದು ಸುಲಭವಲ್ಲ. ಸ್ವಲ್ಪ ಹೆಚ್ಚಾದರೆ ಗೋಳಾಟ, ಸ್ವಲ್ಪ ಕಡಿಮೆಯಾದರೆ ಅದೂ ಒಂದು ತಮಾಷೆ. ಅವರು ದನಿಯೇರಿಸದೆ, ಅನುಕಂಪ ಬೇಡದೆ ಆ ಪಾತ್ರವನ್ನು ನಿಭಾಯಿಸಿದ ರೀತಿಯಿಂದಲೇ ಚಿತ್ರದ ಉತ್ತರಾರ್ಧಕ್ಕೆ ತೂಕ ಬಂದಿದೆ ಎಂಬುದು ನನ್ನ ಅಭಿಪ್ರಾಯ. ಪೂರ್ವಾರ್ಧದ ಕೆಲವು ನಗೆ ಪ್ರಸಂಗಗಳು ಅಗತ್ಯಕ್ಕಿಂತ ಉದ್ದವಾದುವೆಂಬ ನನ್ನ ಗೊಣಗಾಟ ಅಲ್ಲಿಗೆ ನಿಂತಿತು.

ಇದೇ ಕಲಾವಿದೆಯನ್ನು ನಾನು ಮೊದಲು ಗಮನಿಸಿದ್ದು ಉತ್ಸವ್ ಗೋನವಾರ ಅವರ ‘ಫೋಟೋ’ ಚಿತ್ರದಲ್ಲಿ. ವಿಧಾನಸೌಧದ ಎದುರು ನಿಂತು ಫೋಟೋ ತೆಗೆಸಿಕೊಳ್ಳಬೇಕೆಂಬ ಆಸೆಯಿಂದ ರಾಯಚೂರು ಸೀಮೆಯ ಹುಡುಗನೊಬ್ಬ ಕೂಲಿಗೆ ಹೋಗಿರುವ ತಂದೆಯ ಬಳಿ ಬೆಂಗಳೂರಿಗೆ ಬರುತ್ತಾನೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾಗುತ್ತದೆ. ಅಪ್ಪ ಮಗ ಊರಿನತ್ತ ನಡೆಯತೊಡಗುತ್ತಾರೆ. ತಂದೆಯಾಗಿ ಮಹಾದೇವ ಹಡಪದ, ತಾಯಿಯಾಗಿ ಸಂಧ್ಯಾ ಅರಕೆರೆ. ಹಡಪದ ಅವರು ನಡೆಯುವುದನ್ನೇ ನೋಡಬೇಕು: ದಣಿವನ್ನು ತೋರಿಸಲು ಅವರು ಏದುಸಿರು ಬಿಡುವುದಿಲ್ಲ, ಮಗನಿಗೆ ಗೊತ್ತಾಗಬಾರದೆಂದು ದಣಿವನ್ನು ಮರೆಮಾಚುವ ತಂದೆಯಂತೆ ನಡೆಯುತ್ತಾರೆ. ನಮ್ಮ ಚಿತ್ರಗಳಲ್ಲಿ ದಶಕಗಳ ಕಾಲ ನಗೆಪಾತ್ರಗಳಿಗೆಂದೇ ಮೀಸಲಾಗಿದ್ದ ಉತ್ತರ ಕರ್ನಾಟಕದ ಕನ್ನಡ ಇಲ್ಲಿ ಬಡತನದ, ಮಮತೆಯ, ಭಯದ ಮಾತಾಗಿ ಕೇಳುವುದಕ್ಕೂ ಇಂಥ ನಟರೇ ಕಾರಣರು. ಈ ಚಿತ್ರ ಬಿಡುಗಡೆಯಾದ 2024ರಲ್ಲಿ ಅದಕ್ಕೆ ಸಿಕ್ಕ ಪ್ರೇಕ್ಷಕರು ಬಹಳ ಕಡಿಮೆಯೆಂಬ ಬೇಸರ ನನಗಿದೆ.

ಅದೇ ವರ್ಷದ ‘ಶಾಖಾಹಾರಿ’ಯದು ಬೇರೆಯದೇ ಬಗೆ. ಮಲೆನಾಡಿನಲ್ಲಿ ಸಣ್ಣ ಸಸ್ಯಾಹಾರಿ ಹೋಟೆಲು ನಡೆಸುವ ಸುಬ್ಬಣ್ಣನಾಗಿ ರಂಗಾಯಣ ರಘು, ವರ್ಗಾವಣೆಗಾಗಿ ಕಾಯುತ್ತಿರುವ ಪೊಲೀಸ್ ಅಧಿಕಾರಿಯಾಗಿ ಗೋಪಾಲಕೃಷ್ಣ ದೇಶಪಾಂಡೆ ನಟಿಸಿದ್ದಾರೆ. ಬಿ.ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ಕಟ್ಟಿದ ರಂಗಾಯಣದಲ್ಲಿ ಪಳಗಿದ ನಟನನ್ನು ನಮ್ಮ ಚಿತ್ರರಂಗ ಎಷ್ಟೋ ವರ್ಷ ಅಬ್ಬರದ ಹಾಸ್ಯಕ್ಕೇ ಕಟ್ಟಿಹಾಕಿತ್ತು. ಇಲ್ಲಿ ಅವರು ಒಲೆಯ ಮುಂದೆ ಸುಮ್ಮನೆ ನಿಂತಾಗಲೂ ಮನಸ್ಸಿನಲ್ಲೇನೋ ಕುದಿಯುತ್ತಿದೆಯೆಂದು ನಮಗೆ ತಿಳಿಯುತ್ತದೆ. ತರುಣ ಜೋಡಿಯ ಪ್ರೇಮದ ಹಿನ್ನೆಲೆ ತೆಳುವಾಯಿತು, ನಿಜ. ಇಬ್ಬರು ಹಿರಿಯರು ಎದುರುಬದುರಾಗುವ ದೃಶ್ಯಗಳಲ್ಲಿ ಆ ಕೊರತೆ ನೆನಪಾಗುವುದಿಲ್ಲ.

ಇದಕ್ಕೆ ಪ್ರತಿಯಾಗಿ ಒಂದು ಮಾತು. ‘ಕಾಂತಾರ: ಚಾಪ್ಟರ್ 1’ರ ದೃಶ್ಯವೈಭವಕ್ಕೆ ನಾನೂ ಬೆರಗಾದೆ. ಆದರೆ 2022ರ ‘ಕಾಂತಾರ’ದಲ್ಲಿ ಊರಿನ ಪ್ರತಿಯೊಬ್ಬನಿಗೂ ಅವನದೇ ಆದ ಹೆಸರು, ಚಟ, ಜಗಳ ಇದ್ದುವು. ಹೊಸ ಚಿತ್ರದ ಯುದ್ಧಗಳ ನಡುವೆ ಜನ ಗುಂಪಾಗಿಬಿಟ್ಟರು.

ರಂಗಭೂಮಿಯವರು ತೆರೆಗೆ ಬಂದದ್ದು ಹೊಸದೇನಲ್ಲ. 1934ರಲ್ಲಿ ಬಂದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ನಾಟಕ ಕಂಪನಿಗಳಿಂದಲೇ ಬಂದವರು. (ತೊಂಬತ್ತು ವರ್ಷ ಕಳೆದ ಮೇಲೂ ಸುಲೋಚನಾ ಎಂಬ ಹೆಸರೇ ಚಿತ್ರಮಂದಿರ ತುಂಬಿಸಿದ್ದು ಒಂದು ಸೋಜಿಗ.) ‘ನಾಗರಹಾವು’ ಚಿತ್ರದ ಕೆ.ಎಸ್. ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರನ್ನು ನಾಡು ಇಂದಿಗೂ ಮರೆತಿಲ್ಲ. ರಾಜ್ಯ ಸರ್ಕಾರ ಪೋಷಕ ನಟನಿಗೆ ಕೊಡುವ ಪ್ರಶಸ್ತಿಗೆ ಅವರದೇ ಹೆಸರಿದೆ. ನೋಡುಗರ ನೆನಪಿನಲ್ಲಿ ಇಂಥವರಿಗೆ ಸ್ಥಳವಿರುವಾಗ ವಿಮರ್ಶೆಯ ಅಂಕಣದಲ್ಲಿ ಏಕಿಲ್ಲ?

ಇಷ್ಟು ಬರೆಯಲು ಇನ್ನೊಂದು ಕಾರಣವೂ ಇದೆ. ಚಿತ್ರ ಮುಗಿದು ಕಲಾವಿದರ ಹೆಸರುಗಳು ತೆರೆಯ ಮೇಲೆ ಬರತೊಡಗುವ ಮೊದಲೇ ಮಲ್ಟಿಪ್ಲೆಕ್ಸ್‌ನಲ್ಲಿ ದೀಪ ಹತ್ತುತ್ತದೆ, ಕಸಬರಿಕೆ ಹಿಡಿದವರು ಒಳಗೆ ಬರುತ್ತಾರೆ, ಕೆಲವೊಮ್ಮೆ ಚಿತ್ರವನ್ನೇ ನಿಲ್ಲಿಸಿಬಿಡುತ್ತಾರೆ. ಮುಂದಿನ ಪ್ರದರ್ಶನಕ್ಕೆ ಸಭಾಂಗಣ ಸಿದ್ಧವಾಗಬೇಕೆಂಬುದು ನನಗೂ ಗೊತ್ತು. ಆದರೂ ಆ ಅಂಗಡಿಯವನ ಪಾತ್ರ ಮಾಡಿದವರಾರು, ಆ ಅಜ್ಜಿ ಯಾರು ಎಂದು ತಿಳಿಯಲು ಬಯಸುವ ಪ್ರೇಕ್ಷಕ ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದರೆ ಸಿಗುವುದು ಮೊದಲ ಐದಾರು ಹೆಸರುಗಳು ಮಾತ್ರ. ಯಾವ ಹೆಸರು ಯಾವ ಪಾತ್ರದ್ದೆಂಬುದು ಬಹುತೇಕ ಅಲ್ಲೂ ಇರುವುದಿಲ್ಲ. ಹೀಗಾಗಿ ಆ ನಟನನ್ನು ಮತ್ತೊಂದು ಚಿತ್ರದಲ್ಲಿ ಕಂಡಾಗಲೂ ನಾವು ‘ಅದೇ, ಆ ಸಿನಿಮಾದಲ್ಲಿದ್ದವನು’ ಎಂದಷ್ಟೇ ಗುರುತಿಸುತ್ತೇವೆ.

ಚಿತ್ರಮಂದಿರದವರನ್ನು ಬದಲಾಯಿಸುವುದು ನಿಮ್ಮ ಕೈಯಲ್ಲಿಲ್ಲ. ಆದರೆ ವಿಮರ್ಶೆಯ ಕೊನೆಗೆ ನಿರ್ಮಾಣ, ನಿರ್ದೇಶನ, ತಾರಾಗಣ ಎಂದು ನೀವು ಅಚ್ಚುಮಾಡುವ ಪುಟ್ಟ ಚೌಕದಲ್ಲಿ ಕಲಾವಿದರ ಹೆಸರಿನ ಮುಂದೆ ಪಾತ್ರದ ಹೆಸರನ್ನೂ ಸೇರಿಸಬಹುದು. ತಾರಾಮೌಲ್ಯದ ಚಿತ್ರವಾದರೂ ಒಬ್ಬ ಪೋಷಕ ಕಲಾವಿದರ ನಟನೆಯ ಬಗ್ಗೆ ನಾಲ್ಕು ಸಾಲು ಇರಲೇಬೇಕೆಂದು ವಿಮರ್ಶಕರಿಗೆ ಸೂಚಿಸಬಹುದು. ಜಾಗದ ಅಭಾವವಿದ್ದರೆ ಕಥೆಯ ಸಾರಾಂಶವನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಿ. ಅದನ್ನು ಟ್ರೇಲರ್ ಹೇಗೂ ಹೇಳಿಬಿಟ್ಟಿರುತ್ತದೆ.

ಇತಿ,
ಓರ್ವ ಚಿತ್ರಪ್ರೇಕ್ಷಕ, ಶಿವಮೊಗ್ಗ