ಶಾಸಕರೇ, ಬಂದೂಕು ಆಮೇಲೆ. ಮೊದಲು ಕೆರೆ ಏರಿಯ ಕೋಳಿ ಕಸ ಎತ್ತಿಸಿ

ಕೋಲಾರ ಜಿಲ್ಲೆಯ ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ. ಊರಂಚಿನ ಬಡಾವಣೆಗಳಲ್ಲಿ ನರಿ ಕಾಟ ಜಾಸ್ತಿಯಾಗಿದೆ ಎಂದು ಜನ ದೂರಿದಾಗ, ಬೇಕಾದವರಿಗೆಲ್ಲ ಬಂದೂಕಿನ ಲೈಸೆನ್ಸ್ ಕೊಡಿಸುತ್ತೇನೆ, ಒಂದೆರಡನ್ನು ಉರುಳಿಸಿದರೆ ಉಳಿದವು ತಾವೇ ಓಡುತ್ತವೆ ಎಂದು ತಾವು ಮೈಕಿನಲ್ಲಿ ಭರವಸೆ ಕೊಟ್ಟಿರಿ. ಚಪ್ಪಾಳೆಯೂ ಬಿತ್ತು. ಕೋಳಿ ತ್ಯಾಜ್ಯದ ಬಗ್ಗೆ ಮೂರು ವರ್ಷ ಅರ್ಜಿ ಕೊಟ್ಟರೂ ಸಿಗದ ಪರಿಹಾರ ಒಂದೇ ನಿಮಿಷದಲ್ಲಿ ಸಿಕ್ಕಿಬಿಟ್ಟಿತು. ಕಾನೂನು ಮಾಡುವ ಸದನದಲ್ಲಿ ಕೂರುವ ತಮಗೆ ಕಾನೂನು ಗೊತ್ತಿಲ್ಲ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಗೊತ್ತಿದ್ದೇ ಹೇಳಿದಿರಿ ಎಂದುಕೊಂಡೇ ಈ ಪತ್ರ ಬರೆಯಬೇಕಾಗಿದೆ.

ಕೇಳುವುದು ಒಂದೇ. ನರಿಗಳನ್ನು ಊರಿಗೆ ಕರೆಯುತ್ತಿರುವುದೇ ಕೆರೆ ಏರಿಯ ಮೇಲಿನ ಕೋಳಿ ಕಸ, ಅದನ್ನು ಎತ್ತಿಸಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತಲ್ಲ, ಅದಾದ ಮೇಲೆ ಸಂಜೆ ಹೊತ್ತು ಗುಂಪಾಗಿ ಊಳಿಡುವ ಗುಳ್ಳೆನರಿಯೂ, ಬಾಲದ ತುದಿ ಕಪ್ಪಗಿರುವ ಬಯಲಿನ ಸಣ್ಣ ನರಿಯೂ ಒಂದನೇ ಅನುಸೂಚಿಯಲ್ಲಿವೆ. ಹುಲಿ, ಚಿರತೆ ಇರುವ ಪಟ್ಟಿ ಅದು. ಆ ಪಟ್ಟಿಯ ಪ್ರಾಣಿಯನ್ನು ಬೇಟೆಯಾಡಲು ಅನುಮತಿ ಕೊಡುವವರು ಮುಖ್ಯ ವನ್ಯಜೀವಿ ಪರಿಪಾಲಕರು ಮಾತ್ರ. ಅದು ಮನುಷ್ಯರ ಪ್ರಾಣಕ್ಕೆ ಅಪಾಯ ತಂದಿರಬೇಕು, ಇಲ್ಲವೇ ವಾಸಿಯಾಗದ ರೋಗವೋ ಗಾಯವೋ ಆಗಿರಬೇಕು. ಕೊಲ್ಲುವುದಾದರೆ ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆ ಸಾಗಿಸಲು ಯಾವುದಕ್ಕೂ ಆಗದು ಎಂದು ಅವರಿಗೆ ಮನವರಿಕೆಯಾಗಿ, ಕಾರಣವನ್ನು ಬರೆದೇ ಆದೇಶ ಕೊಡಬೇಕು. ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ, ಬೆಳೆ ಹಾನಿಯ ಕಾರಣಕ್ಕೂ ಅನುಮತಿ ಕೇಳಬಹುದು. ನರಿಯ ವಿಷಯದಲ್ಲಿ ಆ ಬಾಗಿಲೂ ಇಲ್ಲ. ಹುಂಜ ಹೊತ್ತುಕೊಂಡು ಹೋಯಿತು ಎನ್ನುವುದು ಕಾನೂನಿನ ಕಣ್ಣಿಗೆ ಕಾರಣವೇ ಅಲ್ಲ. ಮೈಮೇಲೆ ಬಿದ್ದಾಗ ಆತ್ಮರಕ್ಷಣೆಗಾಗಿ ಕೊಂದರೆ ಅಪರಾಧವಲ್ಲ, ನಿಜ. ಆದರೆ ಟೆರೇಸಿನ ಮೇಲೆ ಕುರ್ಚಿ ಹಾಕಿಕೊಂಡು ಕಾದು ಹೊಡೆಯುವುದನ್ನು ಯಾವ ನ್ಯಾಯಾಧೀಶರೂ ಆತ್ಮರಕ್ಷಣೆ ಎನ್ನಲಾರರು.

ತಮ್ಮ ಮಾತು ನಂಬಿ ಹೊಡೆದವನಿಗೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಹೊಡೆದ ಬಂದೂಕಿನ ಲೈಸೆನ್ಸನ್ನು ನ್ಯಾಯಾಲಯ ರದ್ದು ಮಾಡಿ, 5 ವರ್ಷ ಮತ್ತೆ ಸಿಗದಂತೆಯೂ ಮಾಡಬಹುದು. ಆಗ ಚಪ್ಪಾಳೆ ತಟ್ಟಿದವರು ಯಾರೂ ಜಾಮೀನಿಗೆ ಬರುವುದಿಲ್ಲ. ತಾವು ಬರುತ್ತೀರಾ?

ಇನ್ನು ಲೈಸೆನ್ಸ್. ಕೊಡುವವರು ಜಿಲ್ಲಾಧಿಕಾರಿಗಳು, ಶಾಸಕರಲ್ಲ. ಇದನ್ನು ತಮಗೆ ಹೇಳಬೇಕಾಗಿ ಬಂದದ್ದಕ್ಕೆ ನಾಚಿಕೆಯಾಗುತ್ತದೆ. ಬೆಳೆ ಕಾಯಲು ಎಂದು ಅರ್ಜಿ ಹಾಕಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಸಿಗುವುದು ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ಅದು ಸಾಲದು ಎಂದು ಅಧಿಕಾರಿಗೆ ಅನಿಸಿದರೆ ಮಾತ್ರ ತೋಟಾ ಹಾಕುವ ಬಂದೂಕು. ಅದಕ್ಕೂ ನಿಜವಾದ ಬೆಳೆ ಇರಬೇಕು. ಮೂವತ್ತು ನಲವತ್ತರ ಸೈಟಿನಲ್ಲಿ ಎರಡು ಕರಿಬೇವು, ಒಂದು ನುಗ್ಗೆ ಮರ ಬೆಳೆದರೆ ಅದಕ್ಕೆ ಪಹಣಿ ಎಲ್ಲಿಂದ ತರುವುದು?

ಹಾಗೂ ಹೀಗೂ ಬಂದೂಕು ಬಂತು ಎಂದೇ ಇಟ್ಟುಕೊಳ್ಳೋಣ. 12 ಬೋರಿನ ಬಂದೂಕಿನಿಂದ ನಾಲ್ಕನೇ ನಂಬರಿನ ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳನ್ನು, ಹೊಡೆದರೆ ಸರಿಯಾಗಿ ಕೆಲಸ ಮಾಡುವುದು 35ರಿಂದ 40 ಮೀಟರ್ ಒಳಗೆ. ಆದರೆ ಚರೆ ಅಲ್ಲಿಗೇ ನಿಂತು ಕೆಳಗೆ ಬೀಳುವುದಿಲ್ಲ, ಸುಮಾರು 240 ಮೀಟರ್ ಹೋಗುತ್ತದೆ. ಹಂದಿಗೆ ಬಳಸುವ ಎಸ್‌ಜಿ ತೋಟಾದ ದಪ್ಪ ಗುಂಡುಗಳು ಅರ್ಧ ಕಿಲೋಮೀಟರ್ ದಾಟುತ್ತವೆ. ನಮ್ಮ ಬೀದಿ ಎಷ್ಟು ಅಗಲ? 30 ಅಡಿ. ಗುಂಡಿನ ಹಿಂದೆ ಅದನ್ನು ಹೀರಿಕೊಳ್ಳುವ ಮಣ್ಣಿನ ದಿಬ್ಬ ಇರಬೇಕು ಎನ್ನುವುದು ಬಂದೂಕು ಹಿಡಿದವನ ಮೊದಲ ಪಾಠ. ನಮ್ಮಲ್ಲಿ ಇರುವುದು ಕಲ್ಲುಬಂಡೆ, ಚಪ್ಪಡಿ ಬೇಲಿ, ಕಾಂಕ್ರೀಟ್ ಗೋಡೆ. ಬಂಡೆಗೆ ತಗುಲಿದ ಚರೆ ಯಾವ ಕಡೆ ಸಿಡಿಯುತ್ತದೆ ಎಂದು ಹೊಡೆದವನಿಗೂ ಗೊತ್ತಿರುವುದಿಲ್ಲ. ರಾತ್ರಿ ಟಾರ್ಚಿಗೆ ಹೊಳೆಯುವ ಕಣ್ಣು ನರಿಯದೋ, ನಾಯಿಯದೋ, ಹಗ್ಗ ಬಿಚ್ಚಿಕೊಂಡ ಪಕ್ಕದ ಮನೆಯ ಕರುವಿನದೋ ಎನ್ನುವುದು ಬೇರೆ ಪ್ರಶ್ನೆ. ಎಗ್ಗಿಲ್ಲದೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ ಎಂದು 2019ರಲ್ಲೇ ಶಸ್ತ್ರಾಸ್ತ್ರ ಕಾಯ್ದೆಗೆ ಸೇರಿಸಿದ್ದಾರೆ.

ಕೇಪಿನ ಕೋವಿಯಾದರೆ ಇನ್ನೂ ಕಷ್ಟ. ಕರಿಮದ್ದು ತೇವ ಎಳೆದುಕೊಳ್ಳುತ್ತದೆ. ಕೇಪು ಸಿಡಿದರೂ ಮದ್ದು ಹತ್ತಿಕೊಳ್ಳದೆ ಕೆಲವು ಕ್ಷಣ ಬಿಟ್ಟು ಢಂ ಎನ್ನುವುದುಂಟು. ಅದಕ್ಕೇ ಹತ್ತದಿದ್ದಾಗ ಬಾಯಿಯನ್ನು ಜನರಿಲ್ಲದ ಕಡೆಗೇ ಹಿಡಿದು ಕಡೇ ಪಕ್ಷ ಒಂದು ನಿಮಿಷ ಕಾಯಬೇಕು, ಒಳಗೆ ಇಣುಕಬಾರದು. ತುಂಬಿದ್ದು ಮರೆತು ಅದರ ಮೇಲೆ ಇನ್ನೊಮ್ಮೆ ತುಂಬಿದರೆ ನಳಿಗೆಯೇ ಸೀಳುತ್ತದೆ. ಮದ್ದು ಜಡಿಯುವ ಗಜಕಡ್ಡಿಯನ್ನು ಖಾಲಿ ನಳಿಗೆಗೆ ಇಳಿಸಿ ಗುರುತು ಹಾಕಿಟ್ಟುಕೊಂಡರೆ ಒಳಗೆ ಮದ್ದು ಇದೆಯೋ ಇಲ್ಲವೋ ಇಳಿಸಿದ ತಕ್ಷಣ ತಿಳಿಯುತ್ತದೆ. ಆರು ತಿಂಗಳು ಮೂಲೆಯಲ್ಲಿ ನಿಂತ ಕೋವಿಯ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ನೋಡದೆ ಹೊಡೆದರೆ ಅದೂ ಸೀಳುವುದಕ್ಕೆ ಸಾಕು. ಹೊಡೆದ ದಿನವೇ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರದಿದ್ದರೆ ಮದ್ದಿನ ಉಪ್ಪು ಕಬ್ಬಿಣ ತಿನ್ನುತ್ತದೆ. ಇದನ್ನೆಲ್ಲ ಕಲಿಸುವವರು ಯಾರು? 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸುರಕ್ಷತಾ ತರಬೇತಿಯ ಮಾತಿದೆ. ಹಳೆಯ ಲೈಸೆನ್ಸ್‌ದಾರರಲ್ಲಿ ಎಷ್ಟು ಜನ ಅದನ್ನು ಕಂಡಿದ್ದಾರೆ ಎಂದು ಒಂದು ಸಭೆ ಕರೆದು ಕೇಳಿನೋಡಿ. ಬಂದೂಕು ಖಾಲಿ ಮಾಡಿ ಬೀಗದೊಳಗೆ, ತೋಟಾ ಇನ್ನೊಂದು ಬೀಗದೊಳಗೆ, ಎರಡು ಕೀಲಿಯೂ ಮಕ್ಕಳ ಕೈಗೆ ಎಟುಕದ ಕಡೆ: ಇಷ್ಟು ಕೂಡ ಆಗದೆ ದೇವರ ಮನೆಯ ಹಿಂದೆ, ಬಟ್ಟೆ ಬೀರುವಿನ ಮೇಲೆ ಕೋವಿ ಒರಗಿಸಿರುವ ಮನೆಗಳಿವೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಎಂದು ಹುಡುಕಿಕೊಂಡು ಬರುವವರು ಉಳಿದ ದಿನ ಅದು ಎಲ್ಲಿದೆ ಎಂದು ಬಂದು ನೋಡುವುದಿಲ್ಲ. ಇರುವ ಬಂದೂಕುಗಳಿಗೇ ದಿಕ್ಕಿಲ್ಲ, ತಾವು ಹೊಸದು ಹಂಚಲು ಹೊರಟಿದ್ದೀರಿ.

ಈಗ ನರಿ ಏಕೆ ಬಂತು ಎಂಬುದಕ್ಕೆ ಬರುತ್ತೇನೆ. ಎರಡು ಕೆಜಿ ತೂಗುವ ಕೋಳಿ ಕೊಯ್ದರೆ ಪುಕ್ಕ, ಕರುಳು, ತಲೆ, ಕಾಲು ಸೇರಿ ಸುಮಾರು 600 ಗ್ರಾಂ ಕಸ. ದಿನಕ್ಕೆ 50 ಕೋಳಿ ಕೊಯ್ಯುವ ಒಂದು ಅಂಗಡಿಯಿಂದ 30 ಕೆಜಿ. ಭಾನುವಾರ ಅದರ ಎರಡು ಮೂರು ಪಟ್ಟು. ಹೊಸತೊಡಕಿನ ದಿನದ ಲೆಕ್ಕ ಹಾಕುವುದೇ ಬೇಡ, ಮಾರನೆಯ ಬೆಳಿಗ್ಗೆ ಏರಿ ಮೇಲೆ ನಡೆದರೆ ಮೂಗೇ ಲೆಕ್ಕ ಹೇಳುತ್ತದೆ. ರಾತ್ರಿ ಗೂಡ್ಸ್ ಆಟೋದಲ್ಲಿ ಬಂದು ಚೀಲ ಬಿಚ್ಚಿ ಸುರಿದು ಹೋಗುತ್ತಾರೆ. ಕೆರೆಯಂಗಳದ ಬಳ್ಳಾರಿ ಜಾಲಿ ಪೊದೆ ಅವಿತುಕೊಳ್ಳಲು, ಕೆರೆಯಲ್ಲಿ ನೀರು, ಏರಿ ಮೇಲೆ ಊಟ. ನರಿಗೆ ಇನ್ನೇನು ಬೇಕು? ಬೆಳಿಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟ ಅಂತಾರೆ, ನಾವು ದಿನಾ ನೋಡುತ್ತಿದ್ದೇವೆ, ಅದೃಷ್ಟ ಮಾತ್ರ ನರಿಯದೇ.

ಊಟ ಇರುವ ತನಕ ಹೊಡೆದರೂ ಹಿಡಿದು ಸಾಗಿಸಿದರೂ ಖಾಲಿಯಾದ ಜಾಗಕ್ಕೆ ಪಕ್ಕದ ನರಿ ಬಂದು ಕೂರುತ್ತದೆ. ಹೊಟ್ಟೆ ತುಂಬಿದ ತಾಯಿಯ ಮರಿಗಳು ಹೆಚ್ಚು ಬದುಕುತ್ತವೆ. ಅದೇ ರಾಶಿಗೆ ಬೀದಿನಾಯಿಗಳೂ ಬರುತ್ತವೆ, ಅವುಗಳ ಹುಚ್ಚುರೋಗ (ರೇಬೀಸ್) ನರಿಗೂ ನರಿಯದು ನಾಯಿಗೂ ದಾಟುತ್ತದೆ. ಹಗಲಲ್ಲೇ ಹೆದರಿಕೆಯಿಲ್ಲದೆ ತೂರಾಡಿಕೊಂಡು ಬರುವ ನರಿ ಕಂಡರೆ ಕಲ್ಲು ಹಿಡಿದು ಅಟ್ಟಿಸಿಕೊಂಡು ಹೋಗದೆ ಅರಣ್ಯ ಇಲಾಖೆಗೆ ಫೋನ್ ಮಾಡಬೇಕು. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಲಸಿಕೆಯ ಜೊತೆಗೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಹಾಕಿಸಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಆ ಎರಡನೆಯದು ಸದಾ ಸಿಗುವಂತೆ ನೋಡಿಕೊಳ್ಳಿ. ಬಂದೂಕಿಗಿಂತ ಅಗ್ಗ, ಸ್ವಾಮಿ.

ಕೋಳಿ ಸಾಕುವವರದೂ ತಪ್ಪಿದೆ. ಆರು ಮೂಲೆ ಕಣ್ಣಿನ ತೆಳು ಜಾಲರಿಯನ್ನು ನರಿ ಹಲ್ಲಲ್ಲೇ ಹರಿಯುತ್ತದೆ. ಒಂದು ಇಂಚಿನ ವೆಲ್ಡ್ ಮೆಶ್ ಬೇಕು, ಬುಡದಲ್ಲಿ ಎರಡು ಅಡಿಯಷ್ಟನ್ನು ಹೊರಕ್ಕೆ ಮಡಿಸಿ ಅರ್ಧ ಅಡಿ ಮಣ್ಣು, ಅದರ ಮೇಲೆ ಕಲ್ಲು ಹೇರಬೇಕು. ನರಿ ಗೋಡೆಯ ಬುಡದಲ್ಲೇ ತೋಡುತ್ತದೆ, ಜಾಲರಿ ಸಿಕ್ಕಿದರೆ ಎರಡು ಅಡಿ ಹಿಂದೆ ಸರಿದು ತೋಡುವ ಬುದ್ಧಿ ಅದಕ್ಕೆ ಹೊಳೆಯುವುದು ಕಡಿಮೆ. ಹೊತ್ತು ಮುಳುಗುವ ಮೊದಲೇ ಬಾಗಿಲಿಗೆ ಚಿಲಕ. ಕಂಬದಿಂದ ನೇರ ಕರೆಂಟು ಎಳೆದು ಬೇಲಿಗೆ ಕೊಡುವವರಿಗಂತೂ ಯಾರೂ ಬುದ್ಧಿ ಹೇಳುವ ಹಾಗಿಲ್ಲ, ಸಾಯುವುದು ಸಾಮಾನ್ಯವಾಗಿ ಅವರ ಮನೆಯವರೇ.

ಕಸಕ್ಕೆ ದಾರಿಯಿಲ್ಲವೇ? ಉದ್ದಿಮೆ ಪರವಾನಗಿ ಕೊಡುವುದು ಸ್ಥಳೀಯ ಸಂಸ್ಥೆಯೇ. ಮುಚ್ಚಳ ಇರುವ ಡ್ರಮ್ ಇಲ್ಲದ, ದಿನದ ಕಸ ಯಾರಿಗೆ ಕೊಟ್ಟೆ ಎಂದು ಪುಸ್ತಕದಲ್ಲಿ ಬರೆದಿಡದ ಅಂಗಡಿಯ ಪರವಾನಗಿ ನವೀಕರಿಸಬೇಡಿ. ಮನೆ ಕಸದ ಗಾಡಿಗೆ ಇದನ್ನು ಹಾಕಲಾಗದು, ಬೇರೆ ಗಾಡಿ ಬೇಕು, ಅದು ಭಾನುವಾರ ಸಂಜೆಯೂ ಬರಬೇಕು. ಸಂಸ್ಕರಣೆ ಮಾಡುವ ಘಟಕ ಸಿಗುವ ತನಕ ಬಾವಿ, ಕೆರೆಯಿಂದ ದೂರದಲ್ಲಿ ಐದು ಅಡಿ ಗುಂಡಿ, ಪದರಕ್ಕೊಂದು ಸುಣ್ಣ, ಮೇಲೆ ಎರಡು ಅಡಿ ಮಣ್ಣು. ಅರ್ಧ ಅಡಿ ಮುಚ್ಚಿದರೆ ಅದೇ ರಾತ್ರಿ ನಾಯಿ ತೋಡಿ ಹಾಕುತ್ತದೆ. ಏರಿಯ ಎರಡು ತುದಿಗೂ ಗಾಡಿ ಹೋಗದಂತೆ ಕಲ್ಲುಕಂಬ ನೆಡಿಸಿ, ದಂಡ ಹಾಕಿ, ರಸೀದಿ ಕೊಡಿ. ಜಾಲಿ ಪೊದೆ ಕಡಿಸುವುದು ಕಸ ನಿಂತ ಮೇಲೆ. ಮೊದಲೇ ಕಡಿದರೆ ಅಲ್ಲಿದ್ದವೆಲ್ಲ ನೇರ ಖಾಲಿ ಸೈಟುಗಳಿಗೆ ಬರುತ್ತವೆ.

ಬಂದೂಕು ಬೇಡ. ಕೊಟ್ಟ ಭರವಸೆ ಅದೇ ಮೈಕಿನಲ್ಲಿ ವಾಪಸ್ ತೆಗೆದುಕೊಳ್ಳಿ, ಯಾರಾದರೂ ಹುಡುಗ ನಂಬಿ ಕೂರುವ ಮೊದಲು. ಇರುವ ಲೈಸೆನ್ಸ್‌ದಾರರಿಗೆ ಒಂದು ದಿನದ ತರಬೇತಿ, ಬೀಗದ ಪರಿಶೀಲನೆ ಮಾಡಿಸಲು ಜಿಲ್ಲಾಧಿಕಾರಿಗಳಿಗೆ ಬರೆಯಿರಿ. ಮತ್ತೆ ಕೋಳಿ ಕಸ ಎತ್ತಿಸಿ. ಮೂರು ವರ್ಷದಿಂದ ಕೇಳುತ್ತಿರುವುದು ಇದನ್ನೇ: ಕೋಳಿ ಕಸ ಎತ್ತಿಸಿ. ಮುಂದಿನ ಹೊಸತೊಡಕಿನ ಸಂಜೆ ಏರಿ ಮೇಲೆ ಗಾಡಿ ನಿಂತಿರಲಿ, ತಾವೂ ಬಂದು ನಿಲ್ಲಿ. ಮೂಗಿಗೆ ಕರ್ಚೀಫು ತನ್ನಿ.

ಇಂತಿ,
ಕೆರೆ ಏರಿಯ ಹಿಂದಿನ ಬಡಾವಣೆಯ ಒಬ್ಬ ಮತದಾರ