ನಿಮ್ಮ ಮಗು ಯಾರ ಹತ್ತಿರ ಮನಸ್ಸು ಬಿಚ್ಚುತ್ತದೆ?

ಪೋಷಕರೇ, ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ ಪೋಷಕರ ಸಭೆ ಇದೆ. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ನಮ್ಮಲ್ಲಿ ಜಾಸ್ತಿ, ಅದಕ್ಕೇ ಭಾನುವಾರ. ಈ ಸಲ ಮಾರ್ಕ್ಸ್ ಮಾತು ಕಡಿಮೆ. ಒಂದೇ ಒಂದು ಪ್ರಶ್ನೆ ಕೇಳುತ್ತೇವೆ: ಬೇಜಾರಾದಾಗ ನಿಮ್ಮ ಮಗು ಯಾರ ಹತ್ತಿರ ಹೋಗುತ್ತದೆ?

ಯಾಕೆ ಅಂತ ಹೇಳುತ್ತೇನೆ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್, ರೂತ್ ಸ್ಮಿತ್ ಎಂಬ ಸಂಶೋಧಕಿಯರು ನಡುವಯಸ್ಸಿನ ತನಕ ಗಮನಿಸುತ್ತಾ ಬಂದರು. ಅವರಲ್ಲಿ ಸುಮಾರು ಮೂರನೇ ಒಂದು ಭಾಗದ ಮಕ್ಕಳದ್ದು ಕಷ್ಟದ ಬಾಳು. ಬಡತನ, ಕುಡಿತ, ದಿನಾ ಜಗಳ. ಆದರೂ ಆ ಮಕ್ಕಳಲ್ಲಿ ಮೂವರಲ್ಲಿ ಒಬ್ಬರು ಚೆನ್ನಾಗಿಯೇ ಬೆಳೆದು ತಮ್ಮ ಕಾಲ ಮೇಲೆ ನಿಂತರು. ಅಂಥವರಿಗೆ ನಂಬಿಕೆಯ ಒಬ್ಬ ದೊಡ್ಡವರು ಇದ್ದರು. ಅಪ್ಪ ಅಮ್ಮನೇ ಆಗಬೇಕಂತಿಲ್ಲ. ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು, ಟೀಚರ್, ಯಾರಾದರೂ ಸರಿ.

ಇದು ನಮ್ಮ ಶಾಲೆಯಲ್ಲೂ ಕಾಣುತ್ತದೆ. ಏಳನೇ ತರಗತಿಯ ಹುಡುಗನೊಬ್ಬ ಆಗಾಗ ಹೊಟ್ಟೆನೋವು ಅಂತ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುತ್ತಾನೆ. ಕೇಳಿದರೆ ಬಾಯಿ ಬಿಡುವುದಿಲ್ಲ. ಬಿಸಿಯೂಟದ ಹೊತ್ತಿಗೆ ಅಡುಗೆ ಅಕ್ಕ ತಟ್ಟೆಗೆ ಸಾಂಬಾರ್ ಬಡಿಸುತ್ತಾ "ಏನಪ್ಪಾ, ರಾತ್ರಿ ನಿದ್ದೆ ಮಾಡಿಲ್ವಾ?" ಅಂದರೆ ಸಾಕು, ಎಲ್ಲ ಹೇಳಿಬಿಡುತ್ತಾನೆ. ಬಿ.ಎಡ್. ಮಾಡಿದವರು ಇಷ್ಟು ಜನ ಇದ್ದೇವೆ, ನೋಡಿ!

"ಚಿಕ್ಕವರಿಗೆ ಏನು ಗೊತ್ತಾಗುತ್ತೆ, ಮರೆತುಬಿಡ್ತಾರೆ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬಾಲ್ಯದಲ್ಲಿ ಹೊಡೆತ, ಹಿಂಸೆ ಜಾಸ್ತಿ ಕಂಡವರಿಗೆ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ, ಕುಡಿತದ ಚಟ ಹೆಚ್ಚು ಅಂತ ಅಮೆರಿಕದ ವೈದ್ಯರಾದ ಫೆಲಿಟ್ಟಿ ಮತ್ತು ಆಂಡಾ ತಂಡದವರು 1998ರಲ್ಲೇ ತೋರಿಸಿದ್ದಾರೆ. ಹಾಗಂತ ಅದು ಯಾವ ಮಗುವಿನ ಹಣೆಬರಹವೂ ಅಲ್ಲ.

ಕವಾಯ್‌ನಲ್ಲಿ ಕಂಡ ಇನ್ನೊಂದು ಸಂಗತಿ: ಮನೆಯಲ್ಲಿ ಒಂದು ಜವಾಬ್ದಾರಿ ಇದ್ದ ಮಕ್ಕಳು ಗಟ್ಟಿಯಾದರು. ತಂಗಿಗೆ ಊಟ ಹಾಕುವುದು, ಹಸುವಿಗೆ ನೀರಿಡುವುದು, ಇಂಥ ಕೆಲಸ ನಿಮ್ಮ ಮಕ್ಕಳಿಗೂ ಹೇಳಿ. ಶಾಲೆ ತಪ್ಪಿಸಿ ಟೊಮ್ಯಾಟೊ ಬಿಡಿಸಲು ಮಾತ್ರ ಕಳಿಸಬೇಡಿ, ದಯವಿಟ್ಟು.

ಸಭೆಯಲ್ಲಿ ಒಂದು ಚೀಟಿ ಕೊಡುತ್ತೇವೆ. ಮಗುವಿಗೆ ಹತ್ತಿರವಾದ ಆ ಒಬ್ಬರ ಹೆಸರು, ಫೋನ್ ನಂಬರ್ ಬರೆದುಕೊಡಿ. ಅದು ಕ್ಲಾಸ್ ಟೀಚರ್ ಬಳಿ ಮಾತ್ರ ಇರುತ್ತದೆ. ಮಗುವನ್ನು ಕೇಳಿಯೇ ಬರೆಯಿರಿ. ಹೆಸರು ನಿಮ್ಮದಲ್ಲದಿದ್ದರೆ ಬೇಜಾರು ಬೇಡ. ಯಾರ ಹೆಸರೂ ಹೇಳದಿದ್ದರೆ ಖಾಲಿ ಚೀಟಿಯನ್ನೇ ಕೊಡಿ, ಆ ಮಗುವಿನ ಜೊತೆ ನಮ್ಮಲ್ಲಿ ಒಬ್ಬರು ಇರುತ್ತೇವೆ. ತುರ್ತಾದರೆ ಮಕ್ಕಳ ಸಹಾಯವಾಣಿ 1098, ದಿನದ 24 ಗಂಟೆಯೂ ಉಚಿತ.

ನಿಮಗೆ ಬರಲು ಆಗದಿದ್ದರೆ ಅಜ್ಜಿ, ತಾತನನ್ನು ಕಳಿಸಿ. ಟೀ ಇರುತ್ತದೆ.

ಇಂತಿ,
ಮುಖ್ಯ ಶಿಕ್ಷಕಿ
ಬಂಗಾರಪೇಟೆ ತಾಲ್ಲೂಕು, ಕೋಲಾರ ಜಿಲ್ಲೆ