ಮಗಳಿಗೊಂದು ಪತ್ರ: ಕೊಟ್ಟಿಗೆ ಯಾರಿಗೆ ಸಿಕ್ಕಿತು?

ಪ್ರೀತಿಯ ಪುಟ್ಟಿಗೆ, ಅಮ್ಮ ಮಾಡುವ ಆಶೀರ್ವಾದಗಳು.

ಭಾನುವಾರ ನೀನು ಕಳಿಸಿದ ಫೋಟೋ ನೋಡಿದೆ. ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿನಲ್ಲಿ ಬರೀ ಬಣ್ಣ ಚೆಲ್ಲಿದಂತಿರುವ ಅಷ್ಟು ದೊಡ್ಡ ಚಿತ್ರದ ಮುಂದೆ ನಿಂತು, "ಅಮ್ಮಾ, ಇದನ್ನ ನಾನು ಒಂದನೇ ಕ್ಲಾಸಲ್ಲೇ ಮಾಡಿದ್ದೆ. ನೀನು ಬೈದು ಗೋಡೆ ಒರೆಸಿದ್ದೆ" ಅಂತ ಬರೆದಿದ್ದೀಯ. ನಕ್ಕುಬಿಟ್ಟೆ. ಬೈದಿದ್ದು ನಿಜ. ಡ್ರಾಯಿಂಗ್ ಮೇಡಂ ತನ್ನ ಮಗಳ ಚಿತ್ರವನ್ನೇ ಒರೆಸಿದಳು ಅಂತ ಹೊರಗೆ ಹೇಳಬೇಡ ಮತ್ತೆ. ಆದರೆ ಆ ಚಿತ್ರದ ಬಗ್ಗೆ ವಾಟ್ಸಾಪಿನಲ್ಲಿ ಎರಡು ಸಾಲು ಹಾಕಿ ಸುಮ್ಮನಾಗಲು ಮನಸ್ಸು ಬರಲಿಲ್ಲ.

ಅದು ಅಮೆರಿಕದ ಕಲಾವಿದ ಜಾಕ್ಸನ್ ಪೊಲಾಕ್ 1950ರಲ್ಲಿ ಮಾಡಿದ 'ಒನ್: ನಂಬರ್ 31'. ಸುಮಾರು 9 ಅಡಿ ಎತ್ತರ, 17 ಅಡಿಗಿಂತ ಜಾಸ್ತಿ ಅಗಲ. ನಮ್ಮ ಹಾಲಿನ ಗೋಡೆ ಸಾಲುವುದಿಲ್ಲ. ನಾನು ಅದನ್ನು ಪುಸ್ತಕದಲ್ಲಿ ಅಂಗೈಯಗಲ ಮಾತ್ರ ನೋಡಿದವಳು. ಕ್ಲಾಸಿನಲ್ಲಿ ತೋರಿಸಿದರೆ ಮಕ್ಕಳೂ ನಿನ್ನ ಹಾಗೇ ನಗುತ್ತಿದ್ದರು.

ಅವನು ಕ್ಯಾನ್ವಾಸನ್ನು ಸ್ಟ್ಯಾಂಡಿಗೆ ಹಾಕಲಿಲ್ಲ, ನೆಲದ ಮೇಲೆ ಹಾಸಿದ. ಒಂದು ಕೈಯಲ್ಲಿ ಮನೆಗೆ ಹೊಡೆಯುವ ಎನಾಮೆಲ್ ಪೇಂಟಿನ ಡಬ್ಬಿ. ಇನ್ನೊಂದರಲ್ಲಿ ಕೋಲೋ, ಒಣಗಿ ಗಟ್ಟಿಯಾದ ಬ್ರಷ್ಷೋ. ಬ್ರಷ್ಷು ಬಟ್ಟೆಗೆ ತಾಗುವುದೇ ಇಲ್ಲ, ಬಣ್ಣ ಎಳೆ ಎಳೆಯಾಗಿ ಬೀಳುತ್ತದೆ. ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾಗಿದ್ದು ಯಾರು ಹೇಳು? ನಿನ್ನ ಅಜ್ಜಿ. ರಂಗೋಲಿ ಹಾಕುವಾಗ ಅವರ ಕೈ ನೆಲಕ್ಕೆ ತಾಗುತ್ತಿರಲಿಲ್ಲ. ಕೈ ಬೇಗ ಹೋದರೆ ಎಳೆ ಸಣ್ಣ, ತಡೆದರೆ ದಪ್ಪ. ಪೊಲಾಕನ ಗೆರೆಯ ಗುಟ್ಟೂ ಅಷ್ಟೇ. ಕೈಯೊಂದೇ ಅಲ್ಲ, ಭುಜ, ಸೊಂಟ, ಕಾಲು ಎಲ್ಲ ಸೇರಿ ಎಳೆದ ಗೆರೆ ಅದು.

ನಮ್ಮ ರಂಗೋಲಿ ನೋಡಿ ಕಲಿತ ಅಂತ ನಾನು ಹೇಳುತ್ತಿಲ್ಲ. ಅವನು ನೋಡಿದ್ದು ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ಮರಳಿನ ಚಿತ್ರ. 1941ರಲ್ಲಿ, ನೀನು ನಿಂತಿದ್ದ ಅದೇ ಮ್ಯೂಸಿಯಮ್ಮಿನಲ್ಲಿ ಅವರು ಬಂದು ಹಾಕಿ ತೋರಿಸಿದ್ದರು. ನೆಲದ ಮೇಲಿದ್ದರೆ ನಾಲ್ಕೂ ಕಡೆಯಿಂದ ಕೆಲಸ ಮಾಡಬಹುದು, ಚಿತ್ರದ ಒಳಗೇ ಇದ್ದ ಹಾಗಿರುತ್ತದೆ, ಪಶ್ಚಿಮದ ಇಂಡಿಯನ್ನರು ಮಾಡುವ ಹಾಗೆ ಅಂತ 1947ರಲ್ಲಿ ಅವನೇ ಬರೆದಿದ್ದಾನೆ. ಆ ಇಂಡಿಯನ್ನರು ನಾವಲ್ಲ ಅಂತ ಗೊತ್ತಾಗಲು ನನಗೆ ಎರಡು ಸಲ ಓದಬೇಕಾಯಿತು!

ಅವನೊಬ್ಬನೇ ಅಲ್ಲ, ಅದೊಂದು ಇಡೀ ಗುಂಪು. ಅಬ್‌ಸ್ಟ್ರಾಕ್ಟ್ ಎಕ್ಸ್‌ಪ್ರೆಷನಿಸಂ ಅನ್ನುವುದು ಬೇರೆಯವರು ಅಂಟಿಸಿದ ಹೆಸರು, ಅವರಲ್ಲಿ ಹಲವರಿಗೆ ಇಷ್ಟವಿರಲಿಲ್ಲ. ಬಹಳಷ್ಟು ಜನ ಬಡವರು, ವಲಸೆ ಬಂದವರು. ಆರ್ಶೈಲ್ ಗಾರ್ಕಿ ಟರ್ಕಿಯಲ್ಲಿ ನಡೆದ ಅರ್ಮೇನಿಯನ್ನರ ಹತ್ಯಾಕಾಂಡದಿಂದ ಉಳಿದು ಬಂದವನು. ಅವನ ತಾಯಿ 1919ರಲ್ಲಿ ಹಸಿವಿನಿಂದ ಸತ್ತಳು. ವಿಲೆಮ್ ಡಿ ಕೂನಿಂಗ್ 1926ರಲ್ಲಿ ಹಾಲೆಂಡಿನಿಂದ ಹಡಗಿನಲ್ಲಿ ಕದ್ದು ಕೂತು ಬಂದು, ಗೋಡೆಗೆ ಬಣ್ಣ ಹೊಡೆದು ಹೊಟ್ಟೆ ಹೊರೆದ. 1930ರ ದಶಕದಲ್ಲಿ ಕೆಲಸವೇ ಇಲ್ಲದ ಹೊತ್ತಿಗೆ ಸರ್ಕಾರ ಕಲಾವಿದರಿಗೆ ವಾರದ ಸಂಬಳ ಕೊಟ್ಟು ಚಿತ್ರ ಬರೆಸಿತು. ಪೊಲಾಕ್, ರಾಥ್ಕೋ, ಗಾರ್ಕಿ ಎಲ್ಲ ಆ ಸಂಬಳದಲ್ಲೇ ಬದುಕಿದರು. ಆಮೇಲೆ ಯುದ್ಧ. ಹಿಟ್ಲರನಿಂದ ತಪ್ಪಿಸಿಕೊಂಡ ಯುರೋಪಿನ ದೊಡ್ಡ ಕಲಾವಿದರು ನ್ಯೂಯಾರ್ಕಿಗೆ ಬಂದಿಳಿದರು. ಅಷ್ಟು ದಿನ ಪ್ಯಾರಿಸ್ ಕಡೆ ನೋಡುತ್ತಿದ್ದವರಿಗೆ ಪ್ಯಾರಿಸ್ಸೇ ಪಕ್ಕದ ಬೀದಿಗೆ ಬಂದ ಹಾಗಾಯಿತು. ಜಗತ್ತೇ ಹಾಳಾಗುತ್ತಿರುವಾಗ ಹೂವು, ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ) ನುಡಿಸುವವರು ಅಂತ ಬರೆಯುತ್ತ ಕೂತರೆ ಅರ್ಥವಿಲ್ಲ ಅನ್ನಿಸಿತು ಅಂತ ಅದೇ ಗುಂಪಿನ ಬಾರ್ನೆಟ್ ನ್ಯೂಮನ್ ಹೇಳಿದ್ದಾನೆ.

ಎಲ್ಲರೂ ಬಣ್ಣ ಚೆಲ್ಲಿದರು ಅಂದುಕೊಳ್ಳಬೇಡ. ಮಾರ್ಕ್ ರಾಥ್ಕೋನ ಚಿತ್ರ ನೋಡು, ಎರಡು ಮೂರು ಬಣ್ಣದ ಮೋಡಗಳು, ಅಷ್ಟೇ. ತೆಳ್ಳಗೆ ಒಂದರ ಮೇಲೊಂದು ಬಳಿದದ್ದು. ದೂರ ನಿಲ್ಲಬೇಡ, ಹತ್ತಿರ ಹೋಗು. ಅವನಿಗೆ ಬೇಕಾಗಿದ್ದೂ ಅದೇ. ಅದರ ಮುಂದೆ ಜನ ಅಳುತ್ತಾರಂತೆ. ನನಗೆ ಪುಸ್ತಕದಲ್ಲಿ ಅಳು ಬರಲಿಲ್ಲ ಬಿಡು.

ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಇವರ ಕಲೆಯನ್ನು ರಷ್ಯಾದ ವಿರುದ್ಧ ಬಳಸಿಕೊಂಡಿತು, ಅದಕ್ಕೇ ಇಷ್ಟು ಮೆರೆದರು ಅಂತ ನಿನ್ನ ಅಪ್ಪ ಪಕ್ಕದಲ್ಲಿ ಕೂತು ಹೇಳುತ್ತಿದ್ದಾರೆ. ಅದರಲ್ಲಿ ಸ್ವಲ್ಪ ಸತ್ಯ ಇದೆ. ಈ ಚಿತ್ರಗಳು ಊರೂರು ಸುತ್ತಿ, 1967ರಲ್ಲಿ ದೆಹಲಿಗೂ ಬಂದಿದ್ದವು. ಆದರೆ 1947ರಲ್ಲಿ ಚಳಿಯಲ್ಲಿ ಡಬ್ಬಿ ಹಿಡಿದು ನಿಂತವನಿಗೆ ಅದ್ಯಾವುದೂ ಗೊತ್ತಿರಲಿಲ್ಲ ಅಲ್ವಾ?

ನಾನು ನಿಜವಾಗಿ ಹೇಳಬೇಕೆಂದಿದ್ದು ಪೊಲಾಕನ ಹೆಂಡತಿಯ ವಿಷಯ. ಲೀ ಕ್ರಾಸ್ನರ್. ಮದುವೆಗೆ ಮೊದಲೇ ಅವಳು ಅವನಿಗಿಂತ ಚೆನ್ನಾಗಿ ಓದಿಕೊಂಡ ಕಲಾವಿದೆ. ಅವಳ ಗುರು ಹಾನ್ಸ್ ಹಾಫ್‌ಮನ್ ಒಮ್ಮೆ ಮೆಚ್ಚಿ ಏನೆಂದ ಗೊತ್ತಾ? ಎಷ್ಟು ಚೆನ್ನಾಗಿದೆ ಅಂದರೆ, ಹೆಂಗಸು ಮಾಡಿದ್ದು ಅಂತ ಗೊತ್ತೇ ಆಗೋದಿಲ್ಲ ಅಂತ. ಈ ಹೊಗಳಿಕೆ ನನಗೂ ಸಿಕ್ಕಿದೆ, ಬೇರೆ ಮಾತಿನಲ್ಲಿ.

1945ರಲ್ಲಿ ಮದುವೆಯಾಗಿ ಇಬ್ಬರೂ ಲಾಂಗ್ ಐಲೆಂಡಿನ ಸ್ಪ್ರಿಂಗ್ಸ್ ಅನ್ನುವ ಹಳ್ಳಿಗೆ ಹೋದರು. ಅಲ್ಲಿ ಒಂದು ಸಣ್ಣ ಮನೆ, ಹಿತ್ತಲಲ್ಲಿ ಕೊಟ್ಟಿಗೆಯಂಥ ಮರದ ಕಟ್ಟಡ. ಕೊಟ್ಟಿಗೆ ಅವನಿಗೆ. ಅವಳಿಗೆ ಮಹಡಿಯ ಬೆಡ್‌ರೂಮು. ಅವನು 17 ಅಡಿ ಕ್ಯಾನ್ವಾಸ್ ಹಾಸಿದ ವರ್ಷಗಳಲ್ಲೇ ಅವಳು 'ಲಿಟಲ್ ಇಮೇಜ್' ಅನ್ನುವ ಸಣ್ಣ ಸಣ್ಣ ಚಿತ್ರ ಮಾಡಿದಳು, ಒತ್ತೊತ್ತಾಗಿ, ಯಾವುದೋ ಲಿಪಿಯ ಹಾಗೆ. ಈ ಗುಂಪಿನ ದೊಡ್ಡತನ, ಧೈರ್ಯ, ಗಂಡಸುತನ ಅಂತ ಪುಟಗಟ್ಟಲೆ ಬರೆದವರಿದ್ದಾರೆ. ಚಿತ್ರ ಎಷ್ಟು ದೊಡ್ಡದು ಅನ್ನುವುದು ರೂಮು ಎಷ್ಟು ದೊಡ್ಡದು ಅನ್ನುವುದರ ಮೇಲೂ ನಿಂತಿದೆ ಕಣೇ.

1956ರ ಆಗಸ್ಟಿನಲ್ಲಿ ಅವನು ಕುಡಿದು ಕಾರು ಓಡಿಸಿ ಸತ್ತ. ಅವಳು ಆಗ ಯುರೋಪಿನಲ್ಲಿದ್ದಳು. ವಾಪಸ್ಸು ಬಂದು, ಮುಂದಿನ ವರ್ಷ ಕೊಟ್ಟಿಗೆಗೆ ಹೋದಳು. ಹೋದವಳೇ 'ದಿ ಸೀಸನ್ಸ್' ಮಾಡಿದಳು, ಅದೂ ಸುಮಾರು 17 ಅಡಿ ಅಗಲ! ಆಮೇಲೆ ತಾಯಿಯೂ ತೀರಿಕೊಂಡರು. ಅವಳಿಗೆ ನಿದ್ದೆ ಹೋಯಿತು. ರಾತ್ರಿಯೆಲ್ಲ ಕೆಲಸ ಮಾಡಿದಳು. ದೀಪದ ಬೆಳಕಿನಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ ಅಂತ ಬರೀ ಕಂದು ಮತ್ತು ಬಿಳಿಯಲ್ಲೇ ದೊಡ್ಡ ದೊಡ್ಡ ಚಿತ್ರ ಬಳಿದಳು. ನನಗೆ ಪೊಲಾಕನಿಗಿಂತ ಇವು ಇಷ್ಟ.

ಆ ಮನೆ ಈಗ ಮ್ಯೂಸಿಯಂ. ಬೇಸಿಗೆಯಲ್ಲಿ ರಜೆ ಹಾಕಿ ಹೋಗಿ ಬಾ. ಕೊಟ್ಟಿಗೆಯೊಳಗೆ ಹೋಗುವ ಮುಂಚೆ ಚಪ್ಪಲಿ ಬಿಡಬೇಕಂತೆ, ಮೆತ್ತನೆ ಸ್ಲಿಪ್ಪರ್ ಕೊಡುತ್ತಾರೆ. ನೆಲದ ಮೇಲೆ ಪೊಲಾಕನ ಬಣ್ಣ ಚೆಲ್ಲಿದ್ದು ಹಾಗೇ ಇದೆ. 1953ರಲ್ಲಿ ಅವನೇ ಮೇಲೆ ಹಲಗೆ ಹೊದಿಸಿದ್ದ. ಕ್ರಾಸ್ನರ್ ಸತ್ತ ಮೇಲೆ ಅದನ್ನು ತೆಗೆದಾಗ ಹೊರಬಂತು. ಅವಳು ಕ್ಯಾನ್ವಾಸನ್ನು ಗೋಡೆಗೆ ಬಿಗಿದು ಬಣ್ಣ ಬಳಿಯುತ್ತಿದ್ದಳು, ಹಾಗಾಗಿ ಅವಳ ಗುರುತು ಗೋಡೆಯ ಮೇಲೆ. ಫೋಟೋ ಕಳಿಸುವಾಗ ನೆಲದ್ದು ಮಾತ್ರ ಕಳಿಸಬೇಡ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಟ್ಟದ ಮೇಲಿದ್ದ ನನ್ನ ಬಣ್ಣದ ಪೆಟ್ಟಿಗೆ ಇಳಿಸಿದೆ, ಅರ್ಧ ಒಣಗಿ ಕಲ್ಲಾಗಿದೆ. ನಿನ್ನ ರೂಮಿನ ಮಂಚವನ್ನು ಮಡಚಿ ಒಂದು ಮೂಲೆಗೆ ನಿಲ್ಲಿಸಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ, ನೀನು ಬರುವ ಹೊತ್ತಿಗೆ ಮತ್ತೆ ಹಾಕಿಸುತ್ತೇನೆ. ಅಲ್ಲಿಯವರೆಗೆ ಆ ನೆಲ ನನಗೆ ಬೇಕು.

ನಿನ್ನ ಅಮ್ಮ